ನಾಗರ, ದ್ರಾವಿಡ, ವೇಸರ: ಬೆಂಗಳೂರಿನಿಂದ ಹೊರಟರೆ ಯಾವ ದೇವಸ್ಥಾನ ಮೊದಲು?

ಒಂದು ಭಾನುವಾರ ಬಿಡುವಾಗಿದೆ, ಹಳೇ ದೇವಸ್ಥಾನ ಯಾವುದಾದರೂ ನೋಡಬೇಕು, ಎಲ್ಲಿಗೆ ಹೋಗಲಿ ಅಂತ ಬೆಂಗಳೂರಲ್ಲಿ ಯಾರನ್ನೇ ಕೇಳಿ, ಬೇಲೂರು ಹಳೇಬೀಡು ಅಂತಾರೆ. ತಪ್ಪೇನಿಲ್ಲ, ಎರಡೂ ನೋಡಲೇಬೇಕಾದ ಜಾಗಗಳೇ. ಆದರೆ ಸುಮ್ನೆ ಫೋಟೋ ತೆಗೆದುಕೊಂಡು ಬರೋದಲ್ಲ, ನಾಗರ, ದ್ರಾವಿಡ, ವೇಸರ ಅನ್ನುವ ದೇವಸ್ಥಾನದ ಬಗೆಗಳನ್ನು ನಾನೇ ಗುರುತಿಸುವಂತಾಗಬೇಕು ಅನ್ನುವವರಿಗೆ ನಾನು ಬೇಲೂರನ್ನು ಮೊದಲು ಹೇಳುವುದಿಲ್ಲ. ಅಲ್ಲಿ ಕೆತ್ತನೆ ಎಷ್ಟಿದೆ ಅಂದರೆ ಕಟ್ಟಡವೇ ಕಣ್ಣಿಗೆ ಬೀಳುವುದಿಲ್ಲ. ಮೇಲಾಗಿ ಗರ್ಭಗುಡಿಯ ಮೇಲೆ ಶಿಖರವೇ ಇಲ್ಲ. ಬಗೆ ಗೊತ್ತಾಗೋದೇ ಶಿಖರ ನೋಡಿ!

ನನ್ನ ಪಟ್ಟಿ ಹೀಗಿದೆ. ಮೊದಲು ನಂದಿ ಗ್ರಾಮದ ಭೋಗನಂದೀಶ್ವರ, ಆಮೇಲೆ ಮೈಸೂರು ಕಡೆಯ ಸೋಮನಾಥಪುರ, ಮೂರು ದಿನ ರಜೆ ಸಿಕ್ಕಾಗ ಪಟ್ಟದಕಲ್ಲು. ಬೇಲೂರು, ಹಳೇಬೀಡು ಅದಾದ ಮೇಲೆ. ಈ ಕ್ರಮ ಯಾಕೆ, ಯಾರಿಗೆ ಇದು ಸರಿಹೋಗಲ್ಲ, ಅವರು ಏನು ಮಾಡಬೇಕು ಅನ್ನೋದು ಮುಂದಿದೆ.

ಗೋಪುರ ನೋಡಿ ತೀರ್ಮಾನಿಸಬೇಡಿ

ಮೊದಲು ಇದೊಂದನ್ನು ಸರಿ ಮಾಡಿಕೊಳ್ಳೋಣ. ಬಾಗಿಲ ಮೇಲೆ ಎದ್ದು ನಿಂತಿರುತ್ತದಲ್ಲ, ಅದು ಗೋಪುರ. ದೇವರು ಕೂತಿರುವ ಗರ್ಭಗುಡಿಯ ಮೇಲೆ ಇರೋದು ಶಿಖರ, ಅಥವಾ ವಿಮಾನ. ಮಾತಾಡುವಾಗ ಎರಡನ್ನೂ ಗೋಪುರ ಅಂದುಬಿಡುತ್ತೇವೆ, ಅದು ಪರವಾಗಿಲ್ಲ. ಆದರೆ ದೇವಸ್ಥಾನ ಯಾವ ಬಗೆ ಅಂತ ಹೇಳುವಾಗ ಗೋಪುರವನ್ನು ನಂಬಬಾರದು, ಯಾಕೆಂದರೆ ಗೋಪುರ ಎಷ್ಟೋ ಸಲ ಮುನ್ನೂರು, ಐನೂರು, ಸಾವಿರ ವರ್ಷ ಆದಮೇಲೆ ಬೇರೆ ಯಾರೋ ಕಟ್ಟಿಸಿದ್ದು.

ಬೇಲೂರನ್ನೇ ತಗೊಳ್ಳಿ. ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನ 1117ರಲ್ಲಿ ಮಾಡಿಸಿದ್ದು, ಹೊಯ್ಸಳರದು. ಆದರೆ ಬಸ್ಸಿಳಿದು ಮೊದಲು ಕಾಣುವ ಎತ್ತರದ ಗೋಪುರ ವಿಜಯನಗರದ ಕಾಲದ್ದು. ಇನ್ನೂ ಹತ್ತಿರದ ಉದಾಹರಣೆ ಬೇಕು ಅಂದರೆ ನಮ್ಮ ಬೇಗೂರಿಗೆ ಹೋಗಿ. ಬೊಮ್ಮನಹಳ್ಳಿ ಟ್ರಾಫಿಕ್ ದಾಟಿಕೊಂಡು ಹೋದರೆ ಮೊದಲು ಕಾಣೋದು ಈಚೆಗೆ ಎದ್ದ ದೊಡ್ಡ ಗೋಪುರ. ಒಳಗೆ ಹೋದರೆ ಗಂಗರ ಕಾಲದ ತಗ್ಗಾದ ಕಲ್ಲಿನ ಗುಡಿಗಳು, ಸದ್ದಿಲ್ಲದೆ ಕೂತಿವೆ. ‘ಬೆಂಗಳೂರು ಕಾಳಗ’ ಅಂತ ನಮ್ಮೂರಿನ ಹೆಸರು ಬರುವ, ಸುಮಾರು 890ರ ಶಾಸನ ಸಿಕ್ಕಿದ್ದು ಇಲ್ಲೇ. ಗೋಪುರ ನೋಡಿ ಕಾಲ ಹೇಳಲು ಹೋದರೆ ಸಾವಿರ ವರ್ಷಕ್ಕೂ ಜಾಸ್ತಿ ತಪ್ಪಾಗುತ್ತದೆ.

ಹಾಗಾಗಿ ಒಳಗೆ ಹೋಗಿ, ಪ್ರದಕ್ಷಿಣೆ ಹಾಕುತ್ತಾ ಹಿಂಭಾಗಕ್ಕೆ ಬನ್ನಿ, ಗರ್ಭಗುಡಿಯ ಹಿಂದಿನ ಗೋಡೆಯಿಂದ ಸ್ವಲ್ಪ ದೂರ ನಿಂತು ಮೇಲೆ ನೋಡಿ. ಅಲ್ಲಿ ಏನು ಕಾಣುತ್ತದೋ ಅದೇ ಉತ್ತರ.

ಮೂರು ಬಗೆ, ಕಣ್ಣಳತೆಯಲ್ಲಿ

ದ್ರಾವಿಡ ಅಂದರೆ ಅಂತಸ್ತು. ಒಂದರ ಮೇಲೊಂದು ಅಂತಸ್ತು ಚಿಕ್ಕದಾಗುತ್ತಾ ಮೇಲೆ ಹೋಗುತ್ತದೆ, ಅಂತಸ್ತುಗಳನ್ನು ಬೆರಳು ತೋರಿಸಿ ಎಣಿಸಬಹುದು. ಇದಕ್ಕೆ ತಲ ಅಂತಾರೆ: ಏಕತಲ, ದ್ವಿತಲ, ತ್ರಿತಲ. ಪ್ರತಿ ಅಂತಸ್ತಿನ ಅಂಚಿನಲ್ಲೂ ಪುಟ್ಟ ಪುಟ್ಟ ಗುಡಿಗಳ ಸಾಲು ಇರುತ್ತದೆ. ಮೂಲೆಯಲ್ಲಿರುವ ಚೌಕದ್ದು ಕೂಟ, ನಡುವೆ ಉದ್ದಕ್ಕೆ ಕಮಾನಿನ ಮಾಡು ಹೊತ್ತಿರುವುದು ಶಾಲಾ. ಇವೆರಡನ್ನು ಒಂದು ಸಲ ಗುರುತಿಸಿಬಿಟ್ಟರೆ ಆಮೇಲೆ ತಂಜಾವೂರಿನಿಂದ ಹಿಡಿದು ಹಲಸೂರಿನವರೆಗೆ ಎಲ್ಲೆಲ್ಲೂ ಅವೇ ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ಕುತ್ತಿಗೆಯಂಥ ಭಾಗ, ಅದರ ಮೇಲೆ ಗುಮ್ಮಟದ ತಲೆ, ತುದಿಗೆ ಕಳಶ. ಆ ತಲೆ ಚೌಕ, ಎಂಟು ಮೂಲೆ ಅಥವಾ ದುಂಡು ಇರಬಹುದು. ದಕ್ಷಿಣದ ಶಿಲ್ಪಶಾಸ್ತ್ರಗಳು ಈ ಆಕಾರವನ್ನು ಹಿಡಿದೇ ನಾಗರ, ದ್ರಾವಿಡ, ವೇಸರ ಅಂತ ವಿಂಗಡಿಸುತ್ತವೆ. ನಾಗರ ಉತ್ತರದ್ದು, ದ್ರಾವಿಡ ದಕ್ಷಿಣದ್ದು, ವೇಸರ ಮಿಶ್ರ ಅಂತ ಈಗ ಎಲ್ಲರೂ ಮಾಡುವ ವಿಂಗಡಣೆ ಅದಲ್ಲ. ಹಾಗಾಗಿ ಕಲ್ಲಿನ ಕೆಲಸ ಬಲ್ಲ ಸ್ಥಪತಿಗಳು ಯಾರಾದರೂ ಬೇರೆ ಥರ ಹೇಳಿದರೆ ವಾದಕ್ಕೆ ಇಳಿಯಬೇಡಿ.

ನಾಗರ ಅಂದರೆ ಗೆರೆ. ಇಲ್ಲಿ ಅಂತಸ್ತು ಎಣಿಸೋಕೆ ಆಗಲ್ಲ. ಕೆಳಗಿನ ಗೋಡೆಯಿಂದ ಎದ್ದ ಉಬ್ಬುಗಳು ಹಾಗೇ ನೇರ ಮೇಲೆ ಹೋಗಿ, ಒಳಮುಖವಾಗಿ ಬಾಗಿ, ತುದಿಯಲ್ಲಿ ಕೂಡುತ್ತವೆ. ಅಲ್ಲಿ ನೆಲ್ಲಿಕಾಯಿಯಂತೆ ಪಟ್ಟೆ ಪಟ್ಟೆಯಾದ ಒಂದು ಚಪ್ಪಟೆ ಕಲ್ಲು, ಅದು ಆಮಲಕ. ಆಮಲಕ ಕಂಡರೆ ಹೆಚ್ಚು ಯೋಚನೆ ಮಾಡುವ ಕೆಲಸವೇ ಇಲ್ಲ, ನಾಗರ. ಬೆಂಗಳೂರಲ್ಲೇ ನೋಡಬೇಕು ಅಂದರೆ ಎಚ್‌ಎಸ್‌ಆರ್ ಬಳಿ ಅಗರದಲ್ಲಿ ಜಗನ್ನಾಥ ದೇವಸ್ಥಾನ ಇದೆ. ಹೊಸದು, ಆದರೆ ಒಡಿಶಾದ ರೀತಿಯಲ್ಲಿ ಕಟ್ಟಿದ್ದಾರೆ. ಹಳೇ ಕಲ್ಲೇ ಆಗಬೇಕು ಅನ್ನದಿದ್ದರೆ ಆಕಾರ ತಿಳಿಯಲು ಅಷ್ಟು ಸಾಕು.

ವೇಸರ ಅಂದರೆ ಎರಡರ ಬೆರಕೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಸುಳ್ಳಲ್ಲ, ಆದರೆ ಅಷ್ಟು ಹೇಳಿದರೆ ಏನೂ ಗೊತ್ತಾಗಲ್ಲ ಅಲ್ವಾ? ನೋಡುವ ಕ್ರಮ ಹೀಗಿದೆ: ದ್ರಾವಿಡದ ಅಂತಸ್ತುಗಳು ಇಲ್ಲೂ ಇರುತ್ತವೆ, ಆದರೆ ಗಿಡ್ಡವಾಗಿ ಒತ್ತೊತ್ತಾಗಿ ಬಂದು, ಮೇಲೆಲ್ಲ ಅಲಂಕಾರ ತುಂಬಿ, ಎಣಿಸುವುದು ಕಷ್ಟವಾಗುತ್ತದೆ. ಪ್ರತಿ ಮುಖದ ನಡುಭಾಗ ಸ್ವಲ್ಪ ಮುಂದಕ್ಕೆ ಬಂದು ಕೆಳಗಿನಿಂದ ತುದಿಯವರೆಗೆ ಒಂದೇ ಪಟ್ಟಿಯಾಗಿ ಏರುತ್ತದೆ, ಅದು ನಾಗರದಿಂದ ಬಂದ ಗುಣ. ಹತ್ತಿರದಿಂದ ನೋಡಿದರೆ ಅಂತಸ್ತು, ದೂರದಿಂದ ನೋಡಿದರೆ ಗೆರೆ. ಕಲ್ಯಾಣದ ಚಾಲುಕ್ಯರು ಲಕ್ಕುಂಡಿ, ಇಟಗಿ, ಕುಕ್ಕನೂರು ಕಡೆ ಇದನ್ನು ಬೆಳೆಸಿದರು, ಹೊಯ್ಸಳರು ಅದನ್ನು ನಕ್ಷತ್ರದಾಕಾರದ ತಳಕ್ಕೆ ಒಯ್ದರು. ಇಟಗಿಯ ಮಹಾದೇವ ದೇವಾಲಯವನ್ನು ಅಲ್ಲಿನ 1112ರ ಶಾಸನವೇ ‘ದೇವಾಲಯ ಚಕ್ರವರ್ತಿ’ ಅಂತ ಕರೆದಿದೆ. ಬೆಂಗಳೂರಿನಿಂದ ದೂರ ಅನ್ನೋದೊಂದೇ ಕಾರಣಕ್ಕೆ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಇನ್ನು ಈ ಮೂರರಲ್ಲಿ ಯಾವುದಕ್ಕೂ ಸೇರದವೂ ಇವೆ. ಕರಾವಳಿಯಲ್ಲಿ ಮಳೆ ಜಾಸ್ತಿ, ಅದಕ್ಕೆ ಇಳಿಜಾರು ಮಾಡು, ಮರದ ಕೆಲಸ, ತಾಮ್ರದ ಹೊದಿಕೆ. ಅಲ್ಲಿ ಶಿಖರ ಹುಡುಕುತ್ತಾ ಕೂರಬೇಡಿ. ಗವಿಪುರದ ಗಂಗಾಧರೇಶ್ವರನ ಗುಡಿಯಂತೂ ಬಂಡೆಯ ಒಳಗೇ ಇದೆ. ಸಂಕ್ರಾಂತಿ ಸಂಜೆ ಬಿಸಿಲು ನಂದಿಯ ಕೊಂಬಿನ ನಡುವೆ ಹಾದು ಲಿಂಗ ಮುಟ್ಟುವುದನ್ನು ನೋಡಲು ಜನ ಸೇರುತ್ತಾರಲ್ಲ, ಅದೇ.

ಮೊದಲ ಆಯ್ಕೆ: ನಂದಿ ಗ್ರಾಮ

ನಂದಿ ಬೆಟ್ಟಕ್ಕೆ ಬೆಂಗಳೂರಿನ ಅರ್ಧ ಜನ ಬೆಳಗಿನ ಜಾವ ನಾಲ್ಕು ಗಂಟೆಗೆ ಬೈಕ್ ಹತ್ತಿ ಹೋಗುತ್ತಾರೆ, ಮಂಜು ನೋಡುತ್ತಾರೆ, ಬರುತ್ತಾರೆ. ಬೆಟ್ಟದ ಬುಡದಲ್ಲಿರುವ ಊರಿನ ದೇವಸ್ಥಾನಕ್ಕೆ ಇಳಿಯುವವರು ಕಡಿಮೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್, ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು.

ನಾನು ಇದನ್ನೇ ಮೊದಲು ಇಡಲು ಕಾರಣ, ಇಲ್ಲಿ ದ್ರಾವಿಡ ವಿಮಾನಗಳು ಎರಡು, ಪಕ್ಕ ಪಕ್ಕದಲ್ಲಿ, ಇಡಿಯಾಗಿ ಉಳಿದಿವೆ. ದಕ್ಷಿಣಕ್ಕೆ ಅರುಣಾಚಲೇಶ್ವರ, ಉತ್ತರಕ್ಕೆ ಭೋಗನಂದೀಶ್ವರ, ನಡುವೆ ಆಮೇಲೆ ಸೇರಿಸಿದ ಪುಟ್ಟ ಉಮಾಮಹೇಶ್ವರ. ಎತ್ತರ ಹೆಚ್ಚಿಲ್ಲ, ಹಾಗಾಗಿ ಅಂಗಳದಲ್ಲಿ ನಿಂತೇ ಅಂತಸ್ತು ಎಣಿಸಬಹುದು, ಮೂಲೆಯ ಕೂಟ ಯಾವುದು, ನಡುವಿನ ಶಾಲಾ ಯಾವುದು ಅಂತ ಮಕ್ಕಳಿಗೂ ತೋರಿಸಬಹುದು. ತಂಜಾವೂರಿನ ದೊಡ್ಡ ಗುಡಿಯ ಮುಂದೆ ನಿಂತರೆ ಕುತ್ತಿಗೆ ನೋಯುತ್ತದೆಯೇ ಹೊರತು ಎಣಿಕೆ ಆಗೋದಿಲ್ಲ.

ಎರಡನೇ ಕಾರಣ, ಒಂದೇ ಆವರಣದಲ್ಲಿ ಕಾಲದ ಪದರಗಳು ಕಾಣುತ್ತವೆ. ಇಲ್ಲಿನ ಹಳೇ ದಾಖಲೆಗಳು 9ನೇ ಶತಮಾನದ ಆರಂಭಕ್ಕೆ ಹೋಗುತ್ತವೆ. ಬಾಣರು, ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಒಬ್ಬೊಬ್ಬರೂ ಏನಾದರೂ ಸೇರಿಸಿಯೇ ಹೋಗಿದ್ದಾರೆ. ಗುಡಿಯ ಗೋಡೆ ಬೋಳು ಬೋಳು. ಕಿಟಕಿಯ ಜಾಲಂದ್ರದಲ್ಲಿ ಕುಣಿಯುವ ಶಿವ ಬಿಟ್ಟರೆ ಕೆತ್ತನೆ ಕಡಿಮೆ. ನಡುವಿನ ಕಲ್ಯಾಣ ಮಂಟಪಕ್ಕೆ ಬಂದರೆ ಕಂಬಗಳಲ್ಲಿ ಒಂದಂಗುಲ ಜಾಗ ಬಿಟ್ಟಿಲ್ಲ: ಬಳ್ಳಿ, ಹಕ್ಕಿ, ದೇವಿ. ಎರಡರ ನಡುವೆ ಹತ್ತು ಹೆಜ್ಜೆ ಅಂತರ, ರುಚಿಯಲ್ಲಿ ಮಾತ್ರ ಶತಮಾನಗಳ ಅಂತರ. ಪಕ್ಕದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದೊಡ್ಡ ಕಲ್ಯಾಣಿ ಇದೆ, ಅದನ್ನು ನೋಡದೆ ಬರಬೇಡಿ.

ಇಲ್ಲಿ ಪೂಜೆ ನಡೆಯುತ್ತದೆ. ಹಬ್ಬ ಹರಿದಿನ, ಸೋಮವಾರ ಜನ ಇರುತ್ತಾರೆ, ಕಟ್ಟಡ ನೋಡುವ ಆಸೆಯಿದ್ದರೆ ವಾರದ ಬೇರೆ ದಿನ ಆರಿಸಿಕೊಳ್ಳಿ. ಮಂಗಳಾರತಿ ಹೊತ್ತಲ್ಲಿ ಕ್ಯಾಮೆರಾ ಹಿಡಿದುಕೊಂಡು ನವರಂಗದ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ) ನಡುವೆ ನಿಲ್ಲಬೇಡಿ, ಅಷ್ಟೇ.

ಅಷ್ಟು ದೂರವೂ ಆಗಲ್ಲ ಅನ್ನುವವರಿಗೆ ಊರೊಳಗೇ ಹಲಸೂರಿನ ಸೋಮೇಶ್ವರ, ಕೋಟೆಯ ವೆಂಕಟರಮಣ ಇವೆ. ಎರಡೂ ದ್ರಾವಿಡವೇ. ಕೋಟೆ ವೆಂಕಟರಮಣ 1689ರಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿಸಿದ್ದು, ಕೆ.ಆರ್. ಮಾರ್ಕೆಟ್ ಗಲಾಟೆಯಿಂದ ನಾಲ್ಕು ಹೆಜ್ಜೆ, ಟಿಪ್ಪು ಅರಮನೆಯ ಪಕ್ಕ. ಹಲಸೂರಿಗೆ ಮೆಟ್ರೋ ಇದೆ. ಸೋಮೇಶ್ವರದ ಹೊರಗೋಡೆಯಲ್ಲಿ ರಾವಣ ಕೈಲಾಸ ಎತ್ತುವುದು, ಗಿರಿಜಾ ಕಲ್ಯಾಣ ಎಲ್ಲ ಇದೆ, ಹುಡುಕಿ ನೋಡಿ.

ಎರಡನೇ ಆಯ್ಕೆ: ಸೋಮನಾಥಪುರ

ಹೊಯ್ಸಳರ ಮೂರು ದೇವಸ್ಥಾನಗಳಿಗೆ 2023ರಲ್ಲಿ ಯುನೆಸ್ಕೋ ಪಟ್ಟ ಸಿಕ್ಕಿತು: ಬೇಲೂರು, ಹಳೇಬೀಡು, ಸೋಮನಾಥಪುರ. ಮೂರರಲ್ಲಿ ಒಂದನ್ನೇ ಆರಿಸು ಅಂದರೆ ನಾನು ಸೋಮನಾಥಪುರವನ್ನೇ ಆರಿಸುತ್ತೇನೆ, ಯಾಕೆಂದರೆ ಶಿಖರ ಇರೋದು ಅದಕ್ಕೊಂದಕ್ಕೇ, ಅದೂ ಮೂರಕ್ಕೆ ಮೂರೂ. ಬೇಲೂರಿನದನ್ನು ಕಟ್ಟಡ ಉಳಿಸಲು 19ನೇ ಶತಮಾನದಲ್ಲಿ ಇಳಿಸಿದರು. ಹಳೇಬೀಡಿನಲ್ಲೂ ಇಲ್ಲ.

13ನೇ ಶತಮಾನದಲ್ಲಿ, ಮೂರನೇ ನರಸಿಂಹನ ಕಾಲದಲ್ಲಿ, ಸೋಮನಾಥ ಅನ್ನುವ ದಂಡನಾಯಕ ಮಾಡಿಸಿದ್ದು. ಗರ್ಭಗುಡಿ ಮೂರು, ಅಂದರೆ ತ್ರಿಕೂಟ: ಕೇಶವ, ಜನಾರ್ದನ, ವೇಣುಗೋಪಾಲ. ದೇವಸ್ಥಾನ ನೆಲದಿಂದ ನೇರ ಎದ್ದಿಲ್ಲ, ಎತ್ತರದ ಜಗತಿಯ ಮೇಲೆ ಕೂತಿದೆ, ಆ ಜಗತಿಯೂ ದೇವಸ್ಥಾನದ ಮೂಲೆಗಳನ್ನೇ ಅನುಸರಿಸುತ್ತದೆ. ಅದರ ಮೇಲೆ ಹತ್ತಿ ಪ್ರದಕ್ಷಿಣೆ ಹಾಕಿದರೆ ಕೆತ್ತನೆ ನಿಮ್ಮ ಮೊಣಕಾಲಿನಿಂದ ತಲೆಯ ಎತ್ತರಕ್ಕೆ ಸಾಲಾಗಿ ಬರುತ್ತದೆ. ಕೆಳಗಿನಿಂದ ಓದಿಕೊಂಡು ಬನ್ನಿ: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಅದರ ಮೇಲೆ ದೊಡ್ಡ ಮೂರ್ತಿಗಳು. ಕೆಲವು ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ, ಮಲ್ಲಿತಮ್ಮ ಅನ್ನುವ ಶಿಲ್ಪಿಯ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಕನ್ನಡ ಅಕ್ಷರ, ಹಳಗನ್ನಡದ ರೂಪ, ಸ್ವಲ್ಪ ಕಣ್ಣು ಕಿರಿದು ಮಾಡಿದರೆ ಒಂದೆರಡು ಅಕ್ಷರವಾದರೂ ಹಿಡಿಯುತ್ತವೆ.

ಈಗ ಶಿಖರಕ್ಕೆ ಬನ್ನಿ. ಕೆಳಗಿನ ಗೋಡೆಯಲ್ಲಿ ನಕ್ಷತ್ರದ ಮೂಲೆಗಳು ಇವೆಯಲ್ಲ, ಒಂದು ಮೂಲೆಯ ಮೇಲೆ ಕಣ್ಣಿಟ್ಟು ನಿಧಾನ ಮೇಲೆ ಸಾಗಿ. ಅದೇ ಮೂಲೆ ಶಿಖರದಲ್ಲೂ ಮುಂದುವರಿದು ತುದಿಯವರೆಗೆ ಹೋಗುತ್ತದೆ. ಎಲ್ಲೂ ತುಂಡಾಗುವುದಿಲ್ಲ. ನಂದಿಯಲ್ಲಿ ಅಂತಸ್ತು ಎಣಿಸಿ ಬಂದವರಿಗೆ ಇಲ್ಲಿನ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಮೊದಲು ನಂದಿ ನೋಡಿ ಅಂದಿದ್ದು ಇದಕ್ಕೇ.

ಒಳಗೆ ಹೋದಮೇಲೆ ಎಲ್ಲರೂ ಮೂರ್ತಿ ನೋಡುತ್ತಾರೆ, ನೀವು ಚಾವಣಿ ನೋಡಿ. ಕಂಬಗಳ ನಡುವಿನ ಒಂದೊಂದು ಅಂಕಣಕ್ಕೂ ಒಂದೊಂದು ಭುವನೇಶ್ವರಿ, ಅಂದರೆ ಒಳಕ್ಕೆ ತಗ್ಗಾದ ಕೆತ್ತನೆಯ ಚಾವಣಿ, ಒಂದರಂತೆ ಇನ್ನೊಂದಿಲ್ಲ. ಬಾಳೆಮೊಗ್ಗು ಇಳಿಬಿದ್ದ ವಿನ್ಯಾಸವಂತೂ ಹಂತ ಹಂತವಾಗಿ ಅರಳುತ್ತಾ ಹೋಗುತ್ತದೆ. ಕಂಬಗಳು ತಿರುಗಣೆಯಲ್ಲಿ ಕಡೆದವು, ಉಂಗುರ ಉಂಗುರವಾಗಿ ಹೊಳೆಯುತ್ತವೆ. ಇದೆಲ್ಲ ಸಾಧ್ಯವಾಗಿದ್ದು ಕಲ್ಲಿನಿಂದ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಬೆಂಗಳೂರು, ಕೋಲಾರ, ನಂದಿ ಕಡೆ ಸಿಗೋದು ಗ್ರಾನೈಟು, ಅದರಲ್ಲಿ ಇಷ್ಟು ಸಣ್ಣ ಕೆಲಸ ತೆಗೆಯೋದು ಬಹಳ ಕಷ್ಟ. ಹೊಯ್ಸಳರ ಶಿಲ್ಪಿಗಳು ಜಾಣರು, ಉಳಿದವರು ದಡ್ಡರು ಅಂತ ಹೋಲಿಸುವವರು ಈ ಕಲ್ಲಿನ ಲೆಕ್ಕ ಮರೆತಿರುತ್ತಾರೆ.

ಇಲ್ಲಿ ಪೂಜೆ ಇಲ್ಲ, ಮೂಲ ಕೇಶವ ಮೂರ್ತಿಯೂ ಉಳಿದಿಲ್ಲ. ದೇವರ ದರ್ಶನಕ್ಕೆ ಅಂತ ಹೊರಟ ಹಿರಿಯರಿಗೆ ಇದು ಸಪ್ಪೆ ಅನಿಸುತ್ತದೆ, ಮುಂಚೆಯೇ ಹೇಳಿಬಿಡಿ. ಅವರ ಸಮಾಧಾನಕ್ಕೆ ಅದೇ ದಿನ ತಲಕಾಡಿಗೂ ಹೋಗಿ. ವೈದ್ಯೇಶ್ವರನಿಗೆ ಪೂಜೆ ಇದೆ, ಅದು ಗ್ರಾನೈಟಿನ ದ್ರಾವಿಡ ಗುಡಿ, ಹಾಗಾಗಿ ಹೋಲಿಕೆಯೂ ಆಯಿತು. ಸೋಮನಾಥಪುರದಲ್ಲಿ ಚಪ್ಪಲಿ ಬಿಟ್ಟು ಓಡಾಡಬೇಕು, ಮಧ್ಯಾಹ್ನ ಹನ್ನೆರಡಕ್ಕೆ ಆ ಕಲ್ಲು ಕಾದ ಹೆಂಚು, ಕಾಲುಚೀಲ ಇಟ್ಟುಕೊಳ್ಳಿ. ಸಂಜೆ ಬೇಗ ಮುಚ್ಚುತ್ತಾರೆ.

ಹಾಗಾದರೆ ಬೇಲೂರೋ ಹಳೇಬೀಡೋ?

ಎರಡಕ್ಕೂ 16 ಕಿಲೋಮೀಟರ್ ಅಂತರ, ಒಂದೇ ದಿನ ಎರಡೂ ಆಗುತ್ತದೆ, ಆದರೆ ಬೆಂಗಳೂರಿನಿಂದಲೇ ಹೋಗಿ ಅದೇ ರಾತ್ರಿ ವಾಪಸ್ ಬರುವ ಪ್ಯಾಕೇಜ್ ಬಸ್ಸಿನಲ್ಲಿ ಹೋಗಬೇಡಿ. ಅರ್ಧ ಗಂಟೆ ಕೊಟ್ಟು ಹತ್ತಿ ಹತ್ತಿ ಅಂತಾರೆ. ಹಾಸನದಲ್ಲಿ ಒಂದು ರಾತ್ರಿ ಉಳಿಯಿರಿ. ಮದನಿಕೆಯರು (ಕಂಬದ ಮೇಲಿನ ಶಿಲಾಬಾಲಿಕೆಯರು), ಪೂಜೆ, ಪ್ರಸಾದ, ಜೀವಂತ ದೇವಸ್ಥಾನ ಬೇಕೆಂದರೆ ಬೇಲೂರು. ಗೋಡೆಯ ಕೆತ್ತನೆಯೇ ಮುಖ್ಯ ಅಂದರೆ ಹಳೇಬೀಡು, ಅದರಲ್ಲಿ ಅನುಮಾನವೇ ಬೇಡ. ಅದು ದ್ವಿಕೂಟ, ಎರಡು ಶಿವಾಲಯ ಜೋಡಿ ನಿಂತಿವೆ, ಎರಡಕ್ಕೂ ಎದುರು ದೊಡ್ಡ ನಂದಿ.

ಉಳಿದುಕೊಂಡರೆ ದೊಡ್ಡಗದ್ದವಳ್ಳಿಗೂ ಹೋಗಿಬನ್ನಿ. ಕೆರೆ ಪಕ್ಕದ ಲಕ್ಷ್ಮೀದೇವಿ ಗುಡಿ, ಬೇಲೂರಿನ ಕಾಲದ್ದೇ, 12ನೇ ಶತಮಾನದ ಆರಂಭದ್ದು. ನಾಲ್ಕು ಗರ್ಭಗುಡಿ, ಚತುಷ್ಕೂಟ. ಅದರಲ್ಲಿ ಮೂರಕ್ಕೆ ಅಲಂಕಾರವಿಲ್ಲದ, ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರ. ಇದಕ್ಕೆ ಕದಂಬ ಶಿಖರ ಅಂತಾರೆ. ನಾಲ್ಕನೆಯದಕ್ಕೆ ಮಾತ್ರ ತುಂಬಿದ ಕೆತ್ತನೆ. ಹೊಯ್ಸಳ ಅಂದರೆ ಬರೀ ಕುಸುರಿ ಅಂದುಕೊಂಡವರಿಗೆ ಇದು ಬೇರೆಯೇ ಮುಖ ತೋರಿಸುತ್ತದೆ. ನನಗಂತೂ ಹಳೇಬೀಡಿಗಿಂತ ಇದೇ ಹೆಚ್ಚು ಇಷ್ಟ, ಜಗಳ ಆಡುವವರು ಆಡಬಹುದು.

ಮೂರು ದಿನ ಇದ್ದರೆ ಪಟ್ಟದಕಲ್ಲು

ಬೆಂಗಳೂರಿನಿಂದ ಸುಮಾರು 450 ಕಿಲೋಮೀಟರ್. ರಾತ್ರಿ ರೈಲಿಗೆ ಹತ್ತಿ ಬಾದಾಮಿಯಲ್ಲಿ ಇಳಿಯುವುದು ಸುಲಭ, ಅಲ್ಲಿಂದ ಪಟ್ಟದಕಲ್ಲು 22 ಕಿಲೋಮೀಟರ್. ಇಷ್ಟು ದೂರ ಯಾಕೆ ಅಂದರೆ, ನಾಗರ ಮತ್ತು ದ್ರಾವಿಡ ಒಂದೇ ಬಯಲಲ್ಲಿ, ಒಂದೇ ಮರಳುಗಲ್ಲಿನಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಟ್ಟಿದ್ದು ಪಕ್ಕ ಪಕ್ಕ ನಿಂತಿವೆ. ಹುಲ್ಲುಹಾಸಿನ ಮೇಲೆ ನಿಂತು ಎಡಕ್ಕೆ ಬಲಕ್ಕೆ ಕತ್ತು ತಿರುಗಿಸಿದರೆ ಸಾಕು. 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ನಾಗರಕ್ಕೆ ಗಳಗನಾಥ, ಕಾಶಿ ವಿಶ್ವನಾಥ, ಜಂಬುಲಿಂಗ ನೋಡಿ. ಗಳಗನಾಥದ ಅರ್ಧ ಬಿದ್ದುಹೋಗಿದ್ದರೂ ಶಿಖರ ಚೆನ್ನಾಗಿ ಉಳಿದಿದೆ, ಆಮಲಕ ತಲೆ ಮೇಲೇ ಇದೆ. ದ್ರಾವಿಡಕ್ಕೆ ವಿರೂಪಾಕ್ಷ. ಇದರ ಹಿಂದಿನ ಕಥೆ ಚೆನ್ನಾಗಿದೆ. ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ, ಆದರೆ ಅಲ್ಲಿನ ಕೈಲಾಸನಾಥ ದೇವಾಲಯವನ್ನು ಲೂಟಿ ಮಾಡಲಿಲ್ಲ, ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟ ಅಂತ ಕನ್ನಡದಲ್ಲಿ ಶಾಸನ ಹಾಕಿಸಿದ. ಅದು ಇವತ್ತಿಗೂ ಕಂಚಿಯಲ್ಲೇ ಇದೆ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ 740ರ ಆಸುಪಾಸಿನಲ್ಲಿ ವಿರೂಪಾಕ್ಷ ಕಟ್ಟಿಸಿದಳು. ಕಟ್ಟಿದ ಸೂತ್ರಧಾರಿ ಗುಂಡ, ಅನಿವಾರಿತಾಚಾರಿ ಅಂತ ಬಿರುದು, ಅವನ ಹೆಸರೂ ಶಾಸನದಲ್ಲಿದೆ. ಆಕೆಯ ತಂಗಿ ತ್ರೈಲೋಕ್ಯಮಹಾದೇವಿಯೂ ರಾಣಿ, ಪಕ್ಕದ ಮಲ್ಲಿಕಾರ್ಜುನ ಅವಳದು. ಅಕ್ಕತಂಗಿಯರ ದೇವಸ್ಥಾನಗಳನ್ನು ಹೋಲಿಸಿ ನೋಡುತ್ತಾ ಒಂದು ಗಂಟೆ ಹೋದದ್ದೇ ತಿಳಿಯಲ್ಲ.

ಪಾಪನಾಥ ಸ್ವಲ್ಪ ಆಚೆಗಿದೆ, ಬಹಳ ಜನ ಅಲ್ಲಿಗೆ ನಡೆಯದೆ ವಾಪಸಾಗುತ್ತಾರೆ. ಮೇಲೆ ನಾಗರದ ಶಿಖರ, ಗೋಡೆಯ ತುದಿಯಲ್ಲಿ ದ್ರಾವಿಡದ ಪುಟ್ಟ ಗುಡಿಗಳ ಸಾಲು. ಎರಡೂ ಪೂರ್ತಿ ಬೆರೆತಿಲ್ಲ, ಬರೀ ಜೊತೆಗೆ ಇಟ್ಟಂತಿದೆ. ಸೋಮನಾಥಪುರದ ಹದ ನೋಡಿದವರಿಗೆ ಇದು ಒರಟು ಅನಿಸಬಹುದು, ಆದರೆ ಇದು ಅದಕ್ಕಿಂತ ಐದು ಶತಮಾನ ಹಿಂದಿನದು.

ಅಲ್ಲಿವರೆಗೆ ಹೋದಮೇಲೆ ಐಹೊಳೆ ಬಿಡಬೇಡಿ. ದುರ್ಗ ದೇವಾಲಯದ ಹಿಂಭಾಗ ಚೌಕವಲ್ಲ, ಅರ್ಧಚಂದ್ರದಂತೆ ದುಂಡು, ಗಜಪೃಷ್ಠ ಅನ್ನುವ ಬಗೆ ಅದು.

ಯಾರಿಗೆ ಯಾವುದು

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದು, ಮೊಣಕಾಲು ನೋವು, ಆದರೆ ದರ್ಶನ ಆಗಲೇಬೇಕು ಅಂದರೆ ನಂದಿ ಗ್ರಾಮ. ಜಾಸ್ತಿ ಹತ್ತುವುದಿಲ್ಲ, ನೆರಳಿದೆ, ಪೂಜೆ ಇದೆ. ಚಿತ್ರ ಬರೆಯುವವರು, ಫೋಟೋ ಹುಚ್ಚಿನವರು ಸೋಮನಾಥಪುರಕ್ಕೆ, ಅದೂ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ. ಶಾಲೆಯ ಮಕ್ಕಳಿಗೆ ಪರೀಕ್ಷೆಗೆ ನಾಗರ ದ್ರಾವಿಡ ವೇಸರ ಬಾಯಿಪಾಠ ಮಾಡಿಸುತ್ತಿದ್ದರೆ ಆ ರಜೆಯಲ್ಲಿ ಒಮ್ಮೆ ಪಟ್ಟದಕಲ್ಲಿಗೆ ಕರೆದುಕೊಂಡು ಹೋಗಿ. ಬಣ್ಣದ ಚಿತ್ರ ನೋಡುವ ಆಸೆ ಇದ್ದವರು ಗಡಿ ದಾಟಿ ಆಂಧ್ರದ ಲೇಪಾಕ್ಷಿಗೆ ಹೋಗಬಹುದು, ಸುಮಾರು 120 ಕಿಲೋಮೀಟರ್. ವಿಜಯನಗರದ ಕಾಲದ ವೀರಭದ್ರ ದೇವಾಲಯ ಅದು, ಚಾವಣಿ ತುಂಬ ಚಿತ್ರ. ನೆಲಕ್ಕೆ ಪೂರ್ತಿ ತಾಗದ ತೂಗುಕಂಬದ ಕೆಳಗೆ ಟವೆಲ್ ಎಳೆಯುವವರ ಗುಂಪು ಯಾವಾಗಲೂ ಇರುತ್ತದೆ, ಅದನ್ನು ಬಳಸಿಕೊಂಡು ಮುಂದೆ ಹೋಗಿ.

ಎಲ್ಲಿಗೇ ಹೋದರೂ ಒಂದು ಸಣ್ಣ ಟಾರ್ಚ್ ಜೇಬಿನಲ್ಲಿರಲಿ. ನವರಂಗದ ಚಾವಣಿ ಹಗಲಲ್ಲೂ ಕತ್ತಲು, ಮೊಬೈಲ್ ಬೆಳಕು ಅಷ್ಟು ಎತ್ತರಕ್ಕೆ ಸಾಲುವುದಿಲ್ಲ.